ಡೊಳ್ಳಿಲ್ಲದ ಮೆರವಣಿಗೆ

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ ಸಿಕ್ಕಿತು ಎಂದು ಆಲಮೇಲದ ನಮ್ಮ ಮನೆಯಲ್ಲಿ ಹೇಳಿದಾಗ ನಮ್ಮಪ್ಪ ಕಬ್ಬಿಗೆ ನೀರು ಹಾಯಿಸಿ ಬಂದು ಕಾಲು ತೊಳೆಯುತ್ತಿದ್ದ. ತಂಬಿಗೆ ಕೆಳಗಿಟ್ಟು ನನ್ನ ಮುಖ ನೋಡಿದ.

"ನೌಕರಿ ಚಲೋ ಐತಿ ಬಿಡು. ಆದ್ರ ನಮ್ಮ ಕಡೆ ಅಡವಿ ಎಲ್ಲೈತೋ ತಮ್ಮಾ?"

ಅಪ್ಪನ ಈ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ನನ್ನ ಸರ್ವಿಸು ಮುಗಿಯಿತು ಎನ್ನಬೇಕು. ನಿವೃತ್ತನಾಗಿ ಮುದ್ದೇಬಿಹಾಳದಲ್ಲೇ ಮನೆ ಮಾಡಿಕೊಂಡಿದ್ದೇನೆ. ಈಚೆಗೆ ಹೊಸದಾಗಿ ಸೇರಿದ ಇಬ್ಬರು ಗಾರ್ಡ್‌ಗಳು ಬಂದಿದ್ದರು. ಒಬ್ಬ ಸಿಂದಗಿಯ ಹುಡುಗ, ಒಬ್ಬಳು ಬಸವನ ಬಾಗೇವಾಡಿಯ ಹುಡುಗಿ. ಇಬ್ಬರದೂ ಡಿಗ್ರಿ ಆಗಿದೆ, ಇಬ್ಬರ ಬೂಟೂ ಹೊಸದು. "ಗುಡ್ಡದ ಕೆಲಸ ಹೆಂಗಿರ್ತೈತ್ರಿ ಸರ್?" ಎಂದು ಕೇಳಿದರು. ಮಾತಿಗೆ ಕುಳಿತರೆ ನಾನು ಎಲ್ಲಿಂದ ಎಲ್ಲಿಗೋ ಹೋಗಿಬಿಡುತ್ತೇನೆ, ಚಹಾ ಆರಿದ ಮೇಲೂ ನಿಲ್ಲಿಸುವುದಿಲ್ಲ ಎಂದು ನನ್ನ ಹೆಂಡತಿಯ ಆರೋಪ. ಅದಕ್ಕೆ ಬರೆದೇ ಕೊಡುತ್ತೇನೆ ಎಂದೆ. ನನಗೆ ಬಡ್ತಿ ಯಾವಾಗ ಬಂತು, ಯಾವ ಸಾಹೇಬರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದು ಬೇಕಿದ್ದವರು ನನ್ನ ಹೆಂಡತಿಯನ್ನು ಕೇಳಬಹುದು, ಅವಳಿಗೆ ಎಲ್ಲವೂ ಬಾಯಿಪಾಠ.

ಮೊದಲ ಕೆಲವು ವರ್ಷ ನಾನು ಇಂಡಿ ಕಡೆ ಇದ್ದೆ. ಲಿಂಬೆ ತೋಟಗಳ ಊರು. ಅಲ್ಲಿ ಅಡವಿ ಎಂದರೆ ನಮ್ಮ ನರ್ಸರಿಯ ಪ್ಲಾಸ್ಟಿಕ್ ಚೀಲದ ಸಸಿಗಳೇ. ಒಮ್ಮೆ ದೊಡ್ಡವರು ಯಾರೋ ಬರುತ್ತಾರೆಂದು ರಸ್ತೆ ಬದಿಗೆ ಅವಸರದಲ್ಲಿ ಬೇವು ನೆಡಿಸಿದರು. ಗುತ್ತಿಗೆಯ ಕೆಲಸಗಾರರು ಚೀಲ ಹರಿಯದೆ ಹಾಗೇ ಹೂತು ಹೋಗಿದ್ದರು. ಸಸಿಗಳು ಒಂದೊಂದೇ ಒಣಗಿದವು. ನನ್ನ ಆಗಿನ ಫಾರೆಸ್ಟರ್ ಸಾಹೇಬರು ಆಡುಗಳು ತಿಂದವು ಎಂದು ತೀರ್ಮಾನಿಸಿ, ನನ್ನ ಕೈಗೆ ಕೋಲು ಕೊಟ್ಟು ರಸ್ತೆ ಕಾಯಲು ಹಚ್ಚಿದರು. ನಾನು ಊರವರ ಆಡುಗಳ ಹಿಂದೆ ಓಡಿ ಓಡಿ ಮಂದಿಯ ಬಾಯಿಗೆ ಸಿಕ್ಕೆ. ಕೊನೆಗೆ ಒಂದು ಸಸಿ ಕಿತ್ತು ನೋಡಿದರೆ ಬೇರು ಚೀಲದೊಳಗೇ ಸುತ್ತಿಕೊಂಡು ಸತ್ತಿತ್ತು. ಆವತ್ತಿನಿಂದ ಇಂದಿನವರೆಗೂ ನಾನು ಯಾವ ಆಡನ್ನೂ ಸುಮ್ಮನೆ ಬೈದಿಲ್ಲ.

ಆಮೇಲೆ ನನ್ನನ್ನು ಮುದ್ದೇಬಿಹಾಳ ತಾಲೂಕಿನ ಹುಲ್ಲಗುಡ್ಡದ ಬೀಟಿಗೆ ಹಾಕಿದರು. ಜೊತೆಯವರು ಅಯ್ಯೋ ಪಾಪ ಎಂದರು. ಗಿಡ ಇಲ್ಲ, ನೆರಳಿಲ್ಲ, ಬರೇ ಕಲ್ಲು ಎಂದು ಮೂಗು ಮುರಿದರು. ನಾನೂ ಮುಖ ಸಣ್ಣ ಮಾಡಿಕೊಂಡೇ ಹೋದೆ.

ಗುಡ್ಡದ ತಳದಲ್ಲಿ ಊರಿನ ತೊಗರಿ, ಜೋಳದ ಹೊಲಗಳು. ಏರುದಾರಿಯಲ್ಲಿ ಕಾರಿ, ಕವಳಿಯ ಪೊದೆಗಳು. ಏದುಸಿರು ಬಿಡುತ್ತಾ ಮೇಲೆ ಹತ್ತಿದರೆ ಗುಡ್ಡಕ್ಕೆ ತುದಿಯೇ ಇಲ್ಲ. ರೊಟ್ಟಿಯ ಹಂಚು ಬೋರಲು ಹಾಕಿದಂತೆ ಉದ್ದಕ್ಕೂ ಸಪಾಟು, ಅದರ ತುಂಬ ಮೊಣಕಾಲು ಮುಚ್ಚುವ ಹುಲ್ಲು. ಬಂಡೆಗಳ ಮೇಲೆ ಮಳೆನೀರು ನಿಲ್ಲುವ ದೋಣಿಗಳು. ಚಳಿಗಾಲದ ಬೆಳಗ್ಗೆ ಅಂಚಿನಲ್ಲಿ ನಿಂತರೆ ದೂರದಲ್ಲಿ ಕೃಷ್ಣೆಯ ಹಿನ್ನೀರು ಹೊಳೆಯುತ್ತದೆ. ಹುಲ್ಲಿನಲ್ಲಿ ಅಡಗಿದ ಕೌಜುಗ ಹಕ್ಕಿಗಳು ಕಾಲಡಿಯಿಂದಲೇ ಭರ್ರೆಂದು ಹಾರಿ ಎದೆ ಧಸಕ್ಕೆನ್ನಿಸುತ್ತವೆ. ಮೊಲ, ನರಿ, ಮುಳ್ಳಹಂದಿ, ನಾವು ಚಿಗರಿ ಎನ್ನುವ ಕೃಷ್ಣಮೃಗ, ಉಡ, ಬಂಡೆ ಸಂದಿಯಲ್ಲಿ ಕೊಂಬಿನ ಗೂಬೆ. ಮೊದಲ ಸಲ ಅಲ್ಲಿ ನಿಂತಾಗಲೇ ಇದು ನನ್ನ ಜಾಗ ಅನ್ನಿಸಿಬಿಟ್ಟಿತು. ಅಂದಿನಿಂದ ಯಾರು ವರ್ಗಾವಣೆಯ ಮಾತೆತ್ತಿದರೂ ನನಗೆ ಜ್ವರ ಬಂದಂತಾಗುತ್ತಿತ್ತು.

ಆ ಕಾಲದಲ್ಲಿ ನಮ್ಮ ಕೆಲಸದ ರೀತಿಯೇ ಬೇರೆ. ಹುಲ್ಲು ಕಂಡರೆ ಬಂಜರು ಎನ್ನುತ್ತಿದ್ದೆವು. ಗುಂಡಿ ತೋಡಿ ಗಿಡ ನೆಟ್ಟರೆ ಮಾತ್ರ ಅಡವಿ. ಒಂದು ಮಗ್ಗುಲಿಗೆ ಸಾಲಾಗಿ ಗುಂಡಿ ತೋಡಿ ಆಸ್ಟ್ರೇಲಿಯದ ಜಾಲಿ ನೆಟ್ಟೆವು. ಗಿಡವೇನೋ ಬಂತು, ಕೆಳಗೆ ಹುಲ್ಲು ಸತ್ತಿತು, ಹುಲ್ಲಿನ ಹಿಂದೆ ಚಿಗರಿಗಳೂ ಆ ಮಗ್ಗುಲು ಬಿಟ್ಟು ಹೋದವು. ಆಮೇಲೆ ಬಂದ ಮೇಲಧಿಕಾರಿಗಳೊಬ್ಬರು ಇದನ್ನೆಲ್ಲ ನೋಡಿ, ಉಳಿದ ಗುಡ್ಡವನ್ನು ಹಾಗೇ ಬಿಡಿ, ಹುಲ್ಲೂ ಅಡವಿಯೇ ಎಂದರು. ಗುದ್ದಲಿ ಹಿಡಿದು ಬೆಳೆದ ನಮಗೆ ಸುಮ್ಮನೆ ಬಿಡುವುದು ಎಂಬ ಕೆಲಸ ಅರ್ಥವಾಗಲು ಬಹಳ ದಿನ ಬೇಕಾಯಿತು. ಈಗಿನ ಹುಡುಗರಿಗೆ ಇದನ್ನು ತರಬೇತಿಯಲ್ಲೇ ಕಲಿಸುತ್ತಾರಂತೆ, ಪುಣ್ಯವಂತರು.

ನನ್ನ ಗುಡ್ಡದಲ್ಲಿ ತೋಳಗಳಿವೆ ಎಂದು ನನಗೆ ತೋರಿಸಿದವಳು ಮಾಳವ್ವ. ಪ್ರತಿ ಚಳಿಗಾಲ ಗುಡ್ಡದ ತಳದಲ್ಲಿ ಕುರಿ ಹಟ್ಟಿ ಹಾಕುತ್ತಿದ್ದ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು. ಗಂಡ ತೀರಿದ ಮೇಲೆ ಹಿಂಡನ್ನು ತಾನೇ ನಡೆಸಿದವಳು. ಒಂದು ಬೆಳಗ್ಗೆ ನನ್ನ ತೋಳು ಹಿಡಿದು ಕೂರಿಸಿ, ದೂರದ ಬಂಡೆಗಲ್ಲಿನ ಕಡೆ ಗದ್ದ ಎತ್ತಿ ತೋರಿಸಿದಳು. ಹುಲ್ಲಿನ ಬಣ್ಣದ ನಾಯಿಯಂಥದೊಂದು ನಮ್ಮನ್ನು ನೋಡುತ್ತಾ ನಿಂತಿತ್ತು. ನೋಡಿ ಸಾಕಾದ ಮೇಲೆ ಅವಸರವಿಲ್ಲದೆ ಹೊರಟುಹೋಯಿತು.

"ನಿನ್ನ ಕುರಿ ಒಯ್ಯಂಗಿಲ್ಲೇನ ಯಕ್ಕಾ?" ಎಂದೆ.

"ಒಯ್ತಾನ್ರಿ. ಅವ ನಮ್ಮ ತಮ್ಮ. ಹಿಂದಕ ಅಣ್ಣತಮ್ಮರು ಕುರಿ ಪಾಲ ಮಾಡ್ಕೊಳ್ಳುಮುಂದ ಅವನ್ನ ಮರತ್ರಂತ. ಅದಕ್ಕ ಈಗ ತಾನ ಬಂದ ಪಾಲ ಒಯ್ತಾನ. ಬೈತೇವಿ, ಕಲ್ಲ ಒಗೀತೇವಿ, ನಾಯಿ ಬಿಡ್ತೇವಿ. ಆದ್ರ ಕೊಲ್ಲಂಗಿಲ್ರಿ. ಒಡಹುಟ್ಟಿದವನ್ನ ಹೆಂಗ ಕೊಲ್ಲೂದು?"

ಎಲ್ಲರೂ ಮಾಳವ್ವನಂತೆ ಇರುವುದಿಲ್ಲ. ಅದಾದ ಕೆಲವು ವರ್ಷಗಳ ನಂತರ, ಯಾರೋ ಕಲ್ಲು ಒಡೆಯುವ ಗದ್ದಲಕ್ಕೆ ಹೆದರಿದ ಹೆಣ್ಣುತೋಳವೊಂದು ತನ್ನ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ಗುಡ್ಡದಿಂದ ಇಳಿಸಿ ತೊಗರಿ ಹೊಲದಲ್ಲಿ ಇಟ್ಟಿತು. ತೊಗರಿ ಕೊಯ್ಯಲು ಬಂದವರ ಕಾಲಿಗೆ ಮರಿಗಳು ಸಿಕ್ಕವು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವುಗಳನ್ನು ಮಣ್ಣು ಮಾಡಿದವನು ನಾನೇ. ಎಷ್ಟೋ ದಿನ ಊಟ ಸೇರಲಿಲ್ಲ. ಮುಂದಿನದು ಅರ್ಥವಾಗಬೇಕಾದರೆ ಇದು ತಿಳಿದಿರಬೇಕು, ಅದಕ್ಕೇ ಬರೆದೆ.

ನನ್ನ ಸರ್ವಿಸಿನ ಕೊನೆಯ ವರ್ಷಗಳಲ್ಲಿ ಹಾವೇರಿ ಕಡೆಯ ಮೇಡಂ ಒಬ್ಬರು ನಮಗೆ ರೇಂಜರ್ ಆಗಿ ಬಂದರು. ವಯಸ್ಸು ಸಣ್ಣದು, ಮಾತು ಚುರುಕು, ನಡಿಗೆ ಅದಕ್ಕಿಂತ ಚುರುಕು. ಜನ ಗುಡ್ಡ ನೋಡಿದರೆ ತಾನೇ ಗುಡ್ಡ ಉಳಿಸುತ್ತಾರೆ ಎಂಬುದು ಅವರ ವಾದ. ತಳದಿಂದ ಅಂಚಿನವರೆಗೆ ಕಾಲುದಾರಿ ಮಾಡಿ, ಬೆಳಗಿನ ಹೊತ್ತು ಬೇಕಾದವರನ್ನು ನಡೆಸಿಕೊಂಡು ಹೋಗಿ ಪ್ರಾಣಿಪಕ್ಷಿ ತೋರಿಸುವ ಕೆಲಸ ನನಗೆ ಹಚ್ಚಿದರು. ನನಗೆ ಒಳಗೊಳಗೇ ಬಹಳ ಖುಷಿ. ಇಷ್ಟು ವರ್ಷ ಮಂದಿಯನ್ನು ಗುಡ್ಡದಿಂದ ಓಡಿಸಿದ್ದೆ, ಈಗ ಕರೆದುಕೊಂಡು ಹೋಗುವ ಪಾಳಿ.

ಮೊದಲು ಬಂದವರು ಮುದ್ದೇಬಿಹಾಳದ ಕಾಲೇಜು ಹುಡುಗರು. ಕೈಯಲ್ಲಿ ಹಾಡಿನ ಡಬ್ಬಿ, ದಾರಿಯುದ್ದಕ್ಕೂ ಸೆಲ್ಫಿ. ಮೇಲೆ ಹೋಗುವಷ್ಟರಲ್ಲಿ ಗುಡ್ಡದ ಇಲಿ ಕೂಡ ಬಿಲ ಸೇರಿತ್ತು. "ಸರ್, ಏನೂ ಇಲ್ಲಲ್ರಿ ಇಲ್ಲಿ?" ಎಂದು ನನ್ನನ್ನೇ ಕೇಳಿದರು. ಇನ್ನೊಮ್ಮೆ ಬಾಗೇವಾಡಿಯ ವ್ಯಾಪಾರಸ್ಥರೊಬ್ಬರು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಬಿಳಿ ಧೋತರ ಮುಳ್ಳಿಗೆ ಸಿಕ್ಕದಂತೆ ಎತ್ತಿ ಹಿಡಿದುಕೊಂಡು ಹತ್ತಿದ ಯಜಮಾನರು ವಾಚು ನೋಡಿ ಕೇಳಿದರು:

"ನವಿಲು ಕುಣಿಯೂದು ಎಷ್ಟೊತ್ತಿಗ್ರಿ? ನಮಗ ಹನ್ನೊಂದರ ಬಸ್ಸ ಹಿಡೀಬೇಕು."

"ಅದಕ್ಕೂ ಬಸ್ಸಿನ ಟೈಮ ಗೊತ್ತೈತ್ರಿ ಯಜಮಾನ್ರ, ಬಸ್ಸ ಹೋದ ಮ್ಯಾಲ ಕುಣೀತೈತಿ," ಎಂದೆ. ಅವರ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಯಜಮಾನರಿಗೆ ಕೋಪ ಬರಲಿಲ್ಲ, ಬಂಡೆಯ ಮೇಲೆ ಕುಳಿತರು. ಕುಳಿತದ್ದೇ ಒಳ್ಳೆಯದಾಯಿತು. ಸ್ವಲ್ಪ ಹೊತ್ತಿಗೆ ಎದುರಿನ ಹುಲ್ಲಿನಲ್ಲಿ ಚಿಗರಿಗಳು ಸಾಲಾಗಿ ಬಂದವು, ಮುಂದೆ ಕರಿ ಗಂಡು. ಯಜಮಾನರು ಬಸ್ಸನ್ನು ಮರೆತೇಬಿಟ್ಟರು. ಇಳಿಯುವಾಗ ನನ್ನ ಕೈ ಹಿಡಿದುಕೊಂಡು, "ಇಷ್ಟ ಸಮೀಪ ಇಂಥಾದ್ದ ಇಟ್ಕೊಂಡ ನಾವು ಎಲ್ಲೆಲ್ಲೋ ಅಡ್ಡಾಡಿದ್ವಿ ನೋಡ್ರಿ," ಎಂದರು. ನಿಮಗೆ ಹೇಳುವುದು ಇಷ್ಟೇ: ಗುಡ್ಡ ತೋರಿಸುವುದು ಎಂದರೆ ಮಂದಿಯನ್ನು ಕೂರಿಸುವುದು. ನಡೆಸುವುದು ಯಾರಿಗಾದರೂ ಬರುತ್ತದೆ.

ಈ ದಾರಿಗೆ ಗುರುತು ಬೇಕಿತ್ತು. ತಗಡಿನ ಬೋರ್ಡು ಹಾಕಿದರೆ ಗಾಳಿಗೆ ಹಾರುತ್ತಿತ್ತು, ಹಾರದೆ ಉಳಿದದ್ದು ಯಾರದೋ ಕೋಳಿಗೂಡಿಗೆ ಬಾಗಿಲಾಗುತ್ತಿತ್ತು. ಅದಕ್ಕೆ ಮೇಡಂ ಮತ್ತು ನಾನು ಕೂಡಿ ಉಪಾಯ ಮಾಡಿದೆವು. ತಿರುವಿಗೊಂದು ಕಲ್ಲು ನಿಲ್ಲಿಸಿ, ಸುಣ್ಣ ಬಳಿದು, ಹಸಿರು ಬಣ್ಣದಲ್ಲಿ ಬಾಣದ ಗುರುತು. ಮೇಲೆ ದಾರಿ ಕವಲಾಗುವಲ್ಲಿ ಬಲಕ್ಕೆ ಹೋದರೆ ನೋಡುವ ಅಂಚು, ಎಡಕ್ಕೆ ಹೋದರೆ ತೋಳಗಳು ಮರಿ ಹಾಕುವ ಬಂಡೆಗಲ್ಲು. ಎಡಕ್ಕೆ ಯಾರೂ ಹೋಗಬಾರದಲ್ಲ, ಅಲ್ಲಿ ಎಲ್ಲಕ್ಕಿಂತ ದೊಡ್ಡ ಕಲ್ಲು ನಿಲ್ಲಿಸಿ, ಚೆನ್ನಾಗಿ ಸುಣ್ಣ ಹಚ್ಚಿ, ನಡುವೆ ದುಂಡಗೆ ಕೆಂಪು ಬೊಟ್ಟು ಇಟ್ಟೆವು. ಕೆಂಪು ಎಂದರೆ ನಿಲ್ಲು, ಸಣ್ಣ ಮಕ್ಕಳಿಗೂ ಗೊತ್ತು ಎಂದರು ಮೇಡಂ. ನಾನೂ ಗೋಣು ಹಾಕಿದೆ. ಇಬ್ಬರೂ ಈ ನೆಲದಲ್ಲೇ ಹುಟ್ಟಿ ಬೆಳೆದವರು. ಬಯಲಲ್ಲಿ ಎದ್ದು ನಿಂತ ಬಿಳಿ ಕಲ್ಲಿಗೆ ಹಣೆಯ ಮೇಲೆ ಕೆಂಪು ಬೊಟ್ಟು ಇಟ್ಟರೆ ನಮ್ಮ ಮಂದಿ ಅದನ್ನು ಏನೆಂದು ತಿಳಿಯುತ್ತಾರೆ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಮೊದಲು ಕಲ್ಲಿನ ಬುಡದಲ್ಲಿ ಒಂದು ಚಿಟಿಕೆ ಅರಿಶಿನದ ಭಂಡಾರ ಕಂಡಿತು. ಆಮೇಲೆ ಎರಡು ಊದಿನಕಡ್ಡಿ. ನಾನು ಯಾರೋ ಕುರಿ ಕಾಯುವ ಹುಡುಗರದು ಎಂದುಕೊಂಡು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕಳೆದುಹೋಗಿದ್ದ ಯಾರದೋ ಆಡು ಆ ಕಲ್ಲಿನ ಹತ್ತಿರ ಸಿಕ್ಕಿತಂತೆ. ಹೂವಿನ ಹಿಪ್ಪರಗಿಯಿಂದ ಬಂದ ಹೆಣ್ಣುಮಗಳೊಬ್ಬಳ ಹರಕೆ ಈಡೇರಿತಂತೆ. ಅಲ್ಲಿಂದ ಹೇಳುವುದೇ ಬೇಡ. ಅಮಾವಾಸ್ಯೆ ಬಂತೆಂದರೆ ಗುಡ್ಡದ ಮೇಲೆ ಮಂದಿಯೋ ಮಂದಿ. ತೆಂಗಿನಕಾಯಿ, ಪಟಾಕಿ, ಮೂರು ಕಲ್ಲು ಹೂಡಿ ಅಡುಗೆ. ಊರಿನ ಸಂಗಪ್ಪ ಎಂಬುವನು ತಾನೇ ಪೂಜಾರಿಯಾಗಿ ಕುಳಿತ. ಅವನ ಗಂಟಲು ಎಂಥದು ಎಂದರೆ ಗುಡ್ಡದ ಮೇಲೆ ಮಂತ್ರ ಹೇಳಿದರೆ ಕೆಳಗೆ ಊರ ಅಗಸಿಬಾಗಿಲಲ್ಲಿ ನಿಂತವರು ಕೈ ಮುಗಿಯಬಹುದು. ಯಾರೂ ಹೋಗಬಾರದೆಂದು ನಿಲ್ಲಿಸಿದ ಕಲ್ಲಿಗೇ ಎಲ್ಲರೂ ಹುಡುಕಿಕೊಂಡು ಬರತೊಡಗಿದರು.

ಹೊರಗಿನವರು ನಗಬಹುದು. ನಾವೂ ಮೊದಮೊದಲು ನಕ್ಕೆವು. ಆದರೆ ಅದು ಚಳಿಗಾಲ, ತೋಳ ಮರಿ ಹಾಕುವ ಕಾಲ. ಅಂಚಿನಿಂದ ದುರ್ಬೀನು ಹಿಡಿದು ನೋಡಿದರೆ ಗಂಡು ಬೇಟೆ ತಂದು ಬಂಡೆಗಲ್ಲಿನ ಕೆಳಗಿನ ಗವಿಯ ಬಾಯಲ್ಲಿ ಹಾಕಿ ಹೋಗುತ್ತಿತ್ತು, ಹೆಣ್ಣು ಗವಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಒಳಗೆ ಮರಿಗಳಿದ್ದವು. ಒಂದು ಅಮಾವಾಸ್ಯೆಯ ಮರುದಿನ ಬೆಳಗ್ಗೆ ನೋಡುತ್ತೇನೆ, ಹೆಣ್ಣು ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ನಿಂತಿದೆ. ಇಳಿಜಾರಿನವರೆಗೆ ಹೋಯಿತು. ಕೆಳಗೆ ತೊಗರಿ ಹೊಲಗಳನ್ನು ನೋಡಿತು. ಮತ್ತೆ ತಿರುಗಿ ಬಂದು ಮರಿಯನ್ನು ಒಳಗಿಟ್ಟಿತು. ಮುಂದಿನದು ಎಳ್ಳಮಾವಾಸ್ಯೆ. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಉಂಡು, ಸುತ್ತಲಿನ ಊರವರೆಲ್ಲ ಡೊಳ್ಳು ಹೊಡೆಸಿಕೊಂಡು ಕಲ್ಲಿನ ಹತ್ತಿರ ಬರುವುದೆಂದು ಆಗಲೇ ತೀರ್ಮಾನವಾಗಿತ್ತು. ಅವರು ಬಂದರೆ ತೋಳ ಮರಿಗಳನ್ನು ಇಳಿಸುವುದು ಖಂಡಿತ. ಇಳಿಸಿದರೆ ಮತ್ತೆ ನಾನೇ ಗುಂಡಿ ತೋಡಬೇಕು.

ಮೇಡಂ ಕಚೇರಿಯಲ್ಲಿ ಸಿಡಿಮಿಡಿಗೊಂಡಿದ್ದರು.

"ಇದು ಕಾಯ್ದಿಟ್ಟ ಅಡವಿ. ಇಲ್ಲಿ ಗುಡಿ ಆಗಾಕ ಬರಂಗಿಲ್ಲ. ನಾಳೆ ಪೊಲೀಸರನ್ನ ಕರಸ್ತೇನಿ, ಕಲ್ಲ ಕಿತ್ತ ಒಗೀರಿ."

"ಮೇಡಂ, ಕಲ್ಲ ಕೀಳೂದು ಸಸಾರ ಐತ್ರಿ. ಕಿತ್ತಲ್ಲಿ ಇನ್ನೂ ದೊಡ್ಡ ದೇವ್ರ ಬರ್ತೈತ್ರಿ. ಗದ್ದಲನೂ ಗವಿ ಬಾಯಾಗ ಆಕ್ಕೈತಿ."

ಅವರು ಮೇಜಿನ ಮೇಲಿನ ಪೆನ್ನನ್ನು ಸುಮ್ಮನೆ ತಿರುಗಿಸುತ್ತಾ ಕುಳಿತರು. ನಾನು ಕಂಡ ಎಷ್ಟೋ ಸಾಹೇಬರು ಈ ಹಂತದಲ್ಲಿ ಮೇಜು ಗುದ್ದುತ್ತಿದ್ದರು. ಇವರು ತಲೆ ಎತ್ತಿ, "ಹಂಗಾದ್ರ ಏನ ಮಾಡೂಣ ಹೇಳ್ರಿ?" ಎಂದು ಕೇಳಿದರು. ತಮಗೆ ತಿಳಿಯದ್ದನ್ನು ತಮ್ಮ ಕೈಕೆಳಗಿನವನಿಗೆ ಕೇಳಿದ ಆ ಮಾತಿಗೆ ನಾನು ಇವತ್ತಿಗೂ ಋಣಿ. ಊರಲ್ಲಿ ಕೂತು ಮಾತಾಡೋಣ ಎಂದೆ. ಬೇರೇನೂ ನನಗೂ ತಿಳಿದಿರಲಿಲ್ಲ.

ಊರೊಳಗಿನ ಗುಡಿಯ ಕಟ್ಟೆಯ ಮೇಲೆ ಮಂದಿಯೆಲ್ಲ ಸೇರಿತು. ಮೇಡಂ ಮರಿಗಳ ಮಾತು ಹೇಳಿದರು, ನಾನು ತೊಗರಿ ಹೊಲದ ಹಳೆಯ ಸಂಗತಿ ಹೇಳಿದೆ. ಕೆಲವರು ಲೊಚಗುಟ್ಟಿದರು. ಸಂಗಪ್ಪ ಎದ್ದು ನಿಂತ.

"ನಾವು ದೇವ್ರನ್ನ ಹುಡುಕ್ಕೋತ ಹೋಗಿಲ್ರಿ. ಅವ ತಾನ ಎದ್ದಾನ."

"ಅಲ್ಲೋ ಸಂಗಪ್ಪ, ಎಬ್ಬಿಸಿದಾವ ನಾನು. ಸುಣ್ಣ ಹಚ್ಚಿದಾವ ನಾನು. ಬೊಟ್ಟ ಇಟ್ಟಾವ್ರು ಮೇಡಂ," ಎಂದೆ.

"ಹಚ್ಚಿದಾವ್ರು ನೀವ ಇರಬೌದ್ರಿ ಗಾರ್ಡ್ ಸಾಹೇಬ್ರ. ಹಚ್ಚಿಸಿದಾವ ಯಾರು?"

ಊರೆಲ್ಲ ಹೌದ್ಹೌದು ಎಂದಿತು. ನಿಜ ಹೇಳಬೇಕೆಂದರೆ ಮಾತು ಚೆನ್ನಾಗಿಯೇ ಇತ್ತು. ಮೇಡಂ ಕೂಡ ನಗು ತಡೆಯಲು ನೆಲ ನೋಡುತ್ತಿದ್ದರು.

ಆಗ ಹಿಂದೆ ಕಂಬಳಿ ಹೊದ್ದು ಕುಳಿತಿದ್ದ ಮಾಳವ್ವ ಬಾಯಿ ಬಿಟ್ಟಳು.

"ಸಂಗಪ್ಪ, ನಮ್ಮ ದೇವ್ರೇನ ಗೂಟಕ್ಕ ಕಟ್ಟಿದ ದೇವ್ರೇನೋ? ಕುರಿ ಹೊಂಟಲ್ಲಿ ನಾವು ಕಂಬಳ್ಯಾಗ ಸುತ್ಕೊಂಡ ಹೋಗ್ತೇವಿ. ಇಳಿಸಿದಲ್ಲಿ ಇರ್ತಾನ. ಈ ದೇವ್ರನ್ನೂ ಕೈ ಮುಗದ ಕರೀರಿ, ಬರ್ತಾನ. ಗುಡ್ಡದ ಬುಡಕ್ಕ, ದಾರಿ ಬಾಯಾಗ ಕೂಡಸ್ರಿ. ಮುದುಕ ಮುದುಕ್ಯಾರಿಗೂ ನೋಡಾಕ ಬರ್ತೈತಿ."

ಸಂಗಪ್ಪ ಸ್ವಲ್ಪ ಮೆತ್ತಗಾದ. ದೇವರು ಹೋಗುವುದಿಲ್ಲ, ಸ್ಥಳ ಮಾತ್ರ ಬದಲು. ಪೂಜಾರಿಕೆಯೂ ಹೋಗುವುದಿಲ್ಲ, ಏರುದಾರಿ ಮಾತ್ರ ತಪ್ಪುತ್ತದೆ. ಆದರೂ ಅವನು ಹಟ ಬಿಡಲಿಲ್ಲ.

"ಹಂಗಾದ್ರ ಡೊಳ್ಳ ಬೇಕು, ಹಲಗಿ ಬೇಕು, ಪಟಾಕಿ ಬೇಕು. ಸುಮ್ಮನ ಹೊತ್ಕೊಂಡ ಬಂದ್ರ ದೇವ್ರನ್ನ ಕದ್ದ ತಂದಂಗ ಆಕ್ಕೈತಿ."

ಮತ್ತೆ ಎಲ್ಲರೂ ಹೌದ್ಹೌದು ಎಂದರು. ಡೊಳ್ಳಿಲ್ಲದೆ ದೇವರ ಮೆರವಣಿಗೆ ಎಂಬುದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಡೊಳ್ಳು ಬಾರಿಸಿದರೆ ನಾವು ಮಾಡಿದ್ದೆಲ್ಲ ಹೊಳೆಯಲ್ಲಿ ಹಾಕಿದಂತೆ. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ.

ಮಾಳವ್ವ ಎದ್ದು ನಿಂತಳು. ಈಗ ಅವಳ ದನಿ ಜೋರಾಗಿತ್ತು.

"ಆ ಗವ್ಯಾಗ ನಮ್ಮ ತಮ್ಮನ ಹೆಂಡ್ತಿ ಹಡದ ಮಲಗ್ಯಾಳ. ಬಾಣಂತಿ ಮನಿ ಮುಂದ ಯಾರರೆ ಡೊಳ್ಳ ಬಾರಸ್ತಾರೇನ? ನಿನ್ನ ಮನ್ಯಾಗ ಮಗಳು ಹಡದಾಳಲ್ಲ ಸಂಗಪ್ಪ, ನಾಳೆ ನಾ ಡೊಳ್ಳಿನವರನ್ನ ಕರ್ಕೊಂಡ ನಿನ್ನ ಬಾಗಲಿಗೆ ಬರ್ಲೇನು?"

ಸಂಗಪ್ಪನ ಮಗಳು ಆಗ ಬಾಣಂತನಕ್ಕೆಂದು ತವರಿನಲ್ಲಿದ್ದಳು. ಮೊಮ್ಮಗು ಬೆಚ್ಚಿ ಬೀಳುತ್ತದೆಂದು ಅವನು ತನ್ನ ಮೋಟರ್ ಸೈಕಲ್ಲನ್ನು ಓಣಿಯ ಆಚೆಯೇ ಬಂದ್ ಮಾಡಿ, ಮನೆಯವರೆಗೆ ತಳ್ಳಿಕೊಂಡು ಹೋಗುವುದನ್ನು ಊರೆಲ್ಲ ನೋಡಿತ್ತು. ಮೊದಲು ಮಾತಾಡಿದವರು ಹೆಂಗಸರು. "ಹೌದಲ್ಲ ಯವ್ವಾ, ಎಳೇ ಬಾಣಂತಿ," ಎಂದಳೊಬ್ಬಳು. "ಸಪ್ಪಳ ಮಾಡಬಾರ್ದು," ಎಂದಳು ಇನ್ನೊಬ್ಬಳು. ಕಾನೂನು ಹೇಳಿದಾಗ ಕೇಳದ ಊರು, ಬಾಣಂತಿ ಎಂದ ಕೂಡಲೇ ದನಿ ತಗ್ಗಿಸಿ ಮಾತಾಡತೊಡಗಿತು.

ಎಳ್ಳಮಾವಾಸ್ಯೆಗೆ ಮುಂಚಿನ ಸೋಮವಾರ, ಬೆಳಕು ಹರಿಯುವ ಹೊತ್ತಿಗೆ ನಾವು ಗುಡ್ಡ ಹತ್ತಿದೆವು. ಅಂಥ ಮೆರವಣಿಗೆಯನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆ ಕಾಣುತ್ತೇನೆಂಬ ಆಸೆಯೂ ಇಲ್ಲ. ಎಲ್ಲರ ಮೊಬೈಲುಗಳನ್ನು ಮೇಡಂ ಒಂದು ಚೀಲಕ್ಕೆ ಹಾಕಿಸಿ ತಳದಲ್ಲೇ ಇಡಿಸಿದ್ದರು. ಚಪ್ಪಲಿ ಸಪ್ಪಳ ಬೇಡವೆಂದು ಎಲ್ಲರೂ ಬರಿಗಾಲು, ಮೇಡಂ ಕೂಡ. ಹೆಣ್ಣುಮಕ್ಕಳು ಕಾಲ್ಗೆಜ್ಜೆಗೆ ಬಟ್ಟೆ ಸುತ್ತಿಕೊಂಡಿದ್ದರು. ಸಂಗಪ್ಪ ಗಂಟೆಯ ನಾಲಗೆಗೆ ಹತ್ತಿ ಕಟ್ಟಿ, ಆ ಮೂಕ ಗಂಟೆಯನ್ನು ಅಲ್ಲಾಡಿಸುತ್ತಾ ತುಟಿಯಲ್ಲೇ ಮಂತ್ರ ಹೇಳಿದ. ಆರತಿಯಾಯಿತು. ಕಲ್ಲನ್ನು ಅಗೆದು, ಮಾಳವ್ವನ ಕಂಬಳಿಯಲ್ಲಿ ಮಲಗಿಸಿ, ಮೂಲೆಗೊಬ್ಬರು ಹಿಡಿದು ಎತ್ತಿದರು. ನಾನು ಮನಸ್ಸಿನಲ್ಲೇ ಇದ್ದ ಬಿದ್ದ ದೇವರನ್ನೆಲ್ಲ ನೆನೆದೆ, ಆ ಕಲ್ಲನ್ನೂ ಸೇರಿಸಿ.

ಅಷ್ಟರಲ್ಲಿ ಬಂಡೆಗಲ್ಲಿನ ಮೇಲೆ ಎರಡು ಕಿವಿ ಕಂಡವು. ಹೆಣ್ಣು ಎದ್ದು ನಿಂತಿತ್ತು. ಒಬ್ಬರಿಗೊಬ್ಬರು ಸನ್ನೆ ಮಾಡಿ ಊರಿಗೆ ಊರೇ ನಿಂತಲ್ಲೇ ನಿಂತಿತು. ಕಲ್ಲು ಹೊತ್ತವರ ತೋಳು ನಡುಗುತ್ತಿದ್ದವು, ಇಳಿಸುವಂತಿಲ್ಲ. ಯಾರಾದರೂ ಕೆಮ್ಮಿದರೆ ಮುಗಿಯಿತು. ತೋಳ ನಮ್ಮನ್ನೆಲ್ಲ ನಿಧಾನವಾಗಿ ನೋಡಿತು. ಆಮೇಲೆ ಒಮ್ಮೆ ಮೈ ಮುರಿದು, ಗವಿಯೊಳಗೆ ಹೋಯಿತು. ಮಾಳವ್ವ ಕಣ್ಣೊರೆಸಿಕೊಂಡಳು. ನನ್ನ ಪಕ್ಕದಲ್ಲಿದ್ದ ಸಂಗಪ್ಪ ನನ್ನ ಕಿವಿಯ ಹತ್ತಿರ ಬಂದು, "ಬಾಣಂತಿ ಮೈ ಇಳದೈತಿ ನೋಡ್ರಿ," ಎಂದು ಪಿಸುಗುಟ್ಟಿದ. ಆ ಗಂಟಲಿನಿಂದ ಅಷ್ಟು ಸಣ್ಣ ಮಾತು ಬಂದದ್ದನ್ನು ಕೇಳಿದವನು ನಾನೊಬ್ಬನೇ ಇರಬೇಕು.

ಇಳಿದು ಬಂದು, ದಾರಿ ಶುರುವಾಗುವಲ್ಲಿ ಬನ್ನಿಮರದ ಕೆಳಗೆ ದೇವರನ್ನು ಕೂಡಿಸಿದೆವು. ಊರಿಗೆ ಮರಳಿ ಅಗಸಿ ದಾಟುವವರೆಗೂ ಯಾರೂ ಬಾಯಿ ಬಿಡಲಿಲ್ಲ. ದಾಟಿದ ಮೇಲೆ ಡೊಳ್ಳಿನವರು ಅಷ್ಟೊತ್ತಿನಿಂದ ತಡೆದದ್ದನ್ನೆಲ್ಲ ಸೇರಿಸಿ ಬಾರಿಸಿದರು. ಎಳ್ಳಮಾವಾಸ್ಯೆಯ ದಿನ ಮಂದಿ ಬಂದರು, ಬನ್ನಿಮರದ ಹತ್ತಿರವೇ ಕಾಯಿ ಒಡೆದು ಸಜ್ಜೆರೊಟ್ಟಿ ಎಣ್ಣೆಗಾಯಿ ಉಂಡು ಹೋದರು. ಗುಡ್ಡದ ಮೇಲೆ ಕೌಜುಗಗಳ ಕೂಗಷ್ಟೇ ಇತ್ತು. ಇನ್ನೊಂದು ಲಾಭವೂ ಆಯಿತು. ಈಗ ಗುಡ್ಡ ನೋಡಲು ಬರುವ ಹುಡುಗರ ಹಾಡಿನ ಡಬ್ಬಿ, ಗುಟ್ಕಾ ಚೀಟಿಗಳನ್ನು ಸಂಗಪ್ಪನೇ ದೇವರ ಮುಂದೆ ಇಡಿಸಿಕೊಳ್ಳುತ್ತಾನೆ. "ಮ್ಯಾಲ ಬಾಣಂತಿ ಅದಾಳ, ಸಾವಕಾಶ ಹೋಗಿ ಬರ್ರಿ," ಎನ್ನುತ್ತಾನೆ. ನನ್ನ ಬೋರ್ಡುಗಳಿಂದ ಆಗದ ಕೆಲಸ ಅದು.

ಆದರೆ ನನ್ನ ಹೆದರಿಕೆ ಮುಗಿದಿರಲಿಲ್ಲ. ಎಳ್ಳಮಾವಾಸ್ಯೆಯ ನಂತರ ಒಂದು ಬೆಳಗ್ಗೆ ಹಟ್ಟಿಯ ಕಡೆ ಹೋದರೆ ಮಾಳವ್ವ ಬೇಲಿಯ ಮುಳ್ಳು ಸರಿಮಾಡುತ್ತಿದ್ದಳು. ನೆಲದ ಮೇಲೆ ಎಳೆದ ಗುರುತು. ಸುತ್ತಲಿನ ಹಟ್ಟಿಗಳವರೆಲ್ಲ ಉಣ್ಣೆಯಿಲ್ಲದ ಎಳಗ ಕುರಿಗೆ ಬದಲಾದ ಮೇಲೂ ಮಾಳವ್ವ ಮಾತ್ರ ಹಳೆಯ ಕರಿ ಉಣ್ಣೆಯ ಕುರಿಗಳನ್ನೇ ಸಾಕಿಕೊಂಡಿದ್ದಳು. ಅದರಲ್ಲೇ ಒಂದು, ಈದು ನಿಂತ ಒಳ್ಳೆಯ ಕುರಿ, ಹೋಗಿತ್ತು. ಊರಿಗೆ ಗೊತ್ತಾದರೆ, ಇಷ್ಟು ಮರ್ಯಾದೆ ಕೊಟ್ಟರೂ ಹೀಗೆ ಮಾಡಿತಲ್ಲ ಎಂದು ಯಾರಾದರೂ ಕೊಡಲಿ ಹಿಡಿದು ಹೊರಟರೆ?

"ಯಕ್ಕಾ, ಇಲಾಖೆಯಿಂದ ಪರಿಹಾರ ಕೊಡಸ್ತೇನಿ. ಇವತ್ತ ಮೇಡಂಗೆ ಹೇಳ್ತೇನಿ," ಎಂದೆ.

ಅವಳು 'ಬ್ಯಾಡ' ಎಂದು ಕೈ ಅಲ್ಲಾಡಿಸಿದಳು. ಕಣ್ಣು ಕೆಂಪಾಗಿದ್ದವು, ಅತ್ತಿದ್ದಳು. ತಬ್ಬಲಿ ಮರಿಗೆ ಬೇರೆ ಕುರಿಯ ಮೊಲೆ ಹಿಡಿಸುತ್ತಾ ಹೇಳಿದಳು:

"ಬಾಣಂತಿಗೆ ಕೊಟ್ಟದ್ದನ್ನ ಊರ ತುಂಬ ಹೇಳ್ಕೋತ ಅಡ್ಡಾಡ್ತಾರೇನ್ರಿ? ಬಿಡ್ರಿ. ನೀವೂ ಹೇಳಬ್ಯಾಡ್ರಿ."

ನಾನು ಹೇಳಲಿಲ್ಲ. ಈಗ ಬರೆಯುತ್ತಿರುವುದು ಅವಳನ್ನು ಕೇಳಿಯೇ. "ಬರಕೋರಿ, ಈಗೇನ," ಎಂದಳು.

ಹಟ್ಟಿ ಮುಂದಿನ ಊರಿಗೆ ಹೊರಡುವ ಮುನ್ನ ಮಾಳವ್ವ ಒಂದು ಬೆಳಗ್ಗೆ ತಾನಾಗಿಯೇ ಬಂದು, "ಎಲ್ಲಾರಿಗೂ ತೋರಸ್ತೀರಿ, ನನಗೂ ತೋರಸ್ರಿ," ಎಂದಳು. ಅಷ್ಟು ವರ್ಷ ಗುಡ್ಡದ ಮಗ್ಗುಲಲ್ಲಿ ಇದ್ದವಳು, ಕುರಿಯ ಹಿಂದೆ ಅಲ್ಲದೆ ಸುಮ್ಮನೆ ನೋಡಲೆಂದು ಹತ್ತಿದ್ದು ಅದೇ ಮೊದಲು. ಅಂಚಿನಲ್ಲಿ ಕೂರಿಸಿ ದುರ್ಬೀನು ಕೊಟ್ಟೆ. ಬಿಸಿಲು ಬಂಡೆಯ ಮೇಲೆ ಬೀಳುತ್ತಿದ್ದಂತೆ ಮರಿಗಳು ಹೊರಗೆ ಬಂದವು. ಒಂದನ್ನೊಂದು ಕೆಡವುತ್ತಾ, ಏನೋ ಕಸಿದುಕೊಳ್ಳುತ್ತಾ ಆಡುತ್ತಿದ್ದವು. ಮಾಳವ್ವ ಬಹಳ ಹೊತ್ತು ನೋಡಿದಳು. ದುರ್ಬೀನನ್ನು ನನ್ನ ಕೈಗಿಟ್ಟು, ನೀವೂ ನೋಡಿ ಎಂದು ಸನ್ನೆ ಮಾಡಿದಳು. ನಾನು ನೋಡಿದೆ. ಮರಿಗಳು ಕಿತ್ತಾಡುತ್ತಿದ್ದದ್ದು ಒಂದು ಹಿಡಿ ಕರಿ ಉಣ್ಣೆಗಾಗಿ.

ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳೇ ಸೆರಗು ಸರಿಮಾಡಿಕೊಂಡು, ಪಕ್ಕದವರ ಮನೆಯ ಕೂಸು ನೋಡಿ ಬಂದವಳಂತೆ ಮೆಲ್ಲಗೆ ಹೇಳಿದಳು:

"ಚಲೋ ಬೆಳದಾವ."